ಕೊಡಚಾದ್ರಿಯಲ್ಲಿ ಒಂದು ದಿವಸ

ಅರುವತ್ತರ ವಯಸ್ಸಿನಲ್ಲಿ ಬೆಟ್ಟವನ್ನೇರುವ ಹಂಬಲವೇಕೆಂದು ನಮ್ಮ ಮನೆಯವರು ಕೇಳಿದರು. ದೇವಿಯ ದರ್ಶನಕ್ಕೆಂದು ಹೇಳಿ ಹೊರಟೆವು. ನಿಜವಾದ ಕಾರಣವು ಆ ದಿನದ ಮಧ್ಯಾಹ್ನದವರೆಗೆ ನಮಗೂ ತಿಳಿದಿರಲಿಲ್ಲ. ಆ ವೃತ್ತಾಂತವನ್ನು ವಾಚಕರಲ್ಲಿ ನಿವೇದಿಸಿಕೊಳ್ಳುತ್ತಿದ್ದೇವೆ.

ನಾವು ಸಾಗರದವರು. ಕಾಲೇಜಿನಲ್ಲಿ ನಮ್ಮೊಡನೆ ಓದಿದ ಇಬ್ಬರು ಮಿತ್ರರಲ್ಲಿ ಒಬ್ಬರು ತೀರ್ಥಹಳ್ಳಿಯವರು, ವಕೀಲರು. ಮತ್ತೊಬ್ಬರು ಹೊಸನಗರದ ಸೀಮೆಯವರು, ಅಡಕೆ ತೋಟದ ಗೃಹಸ್ಥರು. ಕೆಳದಿಯ ಅರಸರು ಸಾಗರದ ಸೀಮೆಯ ಕೆಳದಿ ಇಕ್ಕೇರಿಗಳಲ್ಲಿಯೂ, ಹೊಸನಗರದ ಸೀಮೆಯ ಬಿದನೂರಿನಲ್ಲಿಯೂ, ತೀರ್ಥಹಳ್ಳಿಯ ಸೀಮೆಯ ಕವಲೇದುರ್ಗದಲ್ಲಿಯೂ ನೆಲೆಮಾಡಿಕೊಂಡು ಆಳಿದರಷ್ಟೆ. ನಮ್ಮ ಮೂವರ ಸ್ನೇಹವೂ ಅಂತಹದೇ ಒಂದು ಸಂಸ್ಥಾನವೆಂದು ವಕೀಲರು ಅಂದಿನ ದಿನಗಳಲ್ಲಿ ಹಾಸ್ಯಮಾಡುತ್ತಿದ್ದರು.

1985ರ ಡಿಸೆಂಬರಿನಲ್ಲಿ ನಾವು ಮೂವರೂ ಕೊಡಚಾದ್ರಿಯನ್ನು ಹತ್ತಿದ್ದೆವು. ಆಗ ಒಂದು ಸಣ್ಣ ಸಂಗತಿ ನಡೆಯಿತು. ಮೂಲಮೂಕಾಂಬಿಕೆಯ ಗುಡಿಯವರೆಗೆ ಬರುವಷ್ಟರಲ್ಲಿ ಹೊಸನಗರದ ಮಿತ್ರರ ಕಾಲು ಉಳುಕಿತು. ಶಿಖರದಲ್ಲಿ ಸೂರ್ಯಾಸ್ತಮಾನವನ್ನು ಕಾಣಬೇಕೆಂಬ ಆತುರದಿಂದ ನಾವಿಬ್ಬರೂ ಅವರನ್ನು ಗುಡಿಯ ಬಳಿ ಕುಳ್ಳಿರಿಸಿ ಓಡಿದೆವು. ಸೂರ್ಯನು ಕಡಲಿನಲ್ಲಿ ಮುಳುಗುವುದನ್ನು ಕಣ್ತುಂಬ ನೋಡಿ ಕತ್ತಲೆಯಲ್ಲಿ ಮರಳಿದೆವು. ಅವರು ಒಂದು ಮಾತನ್ನೂ ಆಡಲಿಲ್ಲ. ಆ ಸಂಗತಿಯನ್ನು ನಾವು ಮರೆತೇಬಿಟ್ಟಿದ್ದೆವು. ನಲವತ್ತು ವರ್ಷಗಳ ತರುವಾಯ, ಮಿತಭಾಷಿಗಳಾದ ಅವರೇ ಫೋನು ಮಾಡಿ, "ಇನ್ನೊಮ್ಮೆ ಕೊಡಚಾದ್ರಿಗೆ ಹೋಗೋಣವೇ?" ಎಂದಾಗ ನಮಗೆ ಆಶ್ಚರ್ಯವಾಯಿತು.

ಪ್ರಾತಃಕಾಲದಲ್ಲಿ ಹೊಸನಗರವನ್ನು ಬಿಟ್ಟು ನಗರದ ಮಾರ್ಗವಾಗಿ ಹೊರಟೆವು. 1763ರಲ್ಲಿ ಹೈದರಾಲಿಯ ಕೈವಶವಾಗಿ ಹೈದರನಗರವೆನಿಸಿದ ಬಿದನೂರೇ ಈ ನಗರ. ಅದರ ಕೋಟೆಯ ಗೋಡೆಗಳ ಮೇಲೆ ಮಂಜು ಇನ್ನೂ ಮಲಗಿತ್ತು. ಸಂಪೆಕಟ್ಟೆಯನ್ನು ದಾಟಿ ಕಟ್ಟಿನಹೊಳೆಗೆ ಬಂದೆವು. ಅಲ್ಲಿ ಜೀಪುಗಳು ಸಾಲಾಗಿ ನಿಂತಿದ್ದುವು. ನಡೆದೇ ಹತ್ತುವುದೆಂದು ಹೊಸನಗರದ ಮಿತ್ರರು ಹಟ ಹಿಡಿದರು. ಮಂಡಿನೋವಿನವರು ಅವರೇ ಆಗಿದ್ದರೂ!

ಬೆಟ್ಟದ ಹೆಸರಿನ ವಿಷಯವಾಗಿ ಎರಡು ಮಾತು ಹೇಳದಿದ್ದರೆ ನಮ್ಮ ಹಳೆಯ ವೃತ್ತಿಗೆ ಲೋಪ ಬಂದೀತು. ಸಂಸ್ಕೃತದಲ್ಲಿ ಇದಕ್ಕೆ ಕುಟಜಾದ್ರಿಯೆಂದು ಹೆಸರು. ಕುಟಜವೆಂದರೆ ನಮ್ಮ ಕೊಡಸಿಗೆಯ ಗಿಡ. ಕಾಳಿದಾಸನ ಮೇಘದೂತದಲ್ಲಿ ಯಕ್ಷನು ಮೇಘಕ್ಕೆ ಅರ್ಘ್ಯವನ್ನು ಕೊಡುವುದು ಈ ಗಿಡದ ಹೊಸ ಹೂಗಳಿಂದಲೇ. ವೈದ್ಯರು ಇದರ ತೊಗಟೆಯಿಂದ ಕುಟಜಾರಿಷ್ಟವನ್ನು ಮಾಡುವರು. ನಮ್ಮ ಮಲೆನಾಡಿನ ಗೃಹಿಣಿಯರು ಒಣಗಿಸಿಟ್ಟ ಹೂವಿನಿಂದ ತಂಬುಳಿಯನ್ನು ಮಾಡಿ ಹೊಟ್ಟೆ ಕೆಟ್ಟವರಿಗೆ ಬಡಿಸುವರು. ನಾವು ಹೋದುದು ಹೂವಿನ ಕಾಲವಲ್ಲ. ದಾರಿಯ ಬದಿಯ ಗಿಡದಲ್ಲಿ ನೀಳವಾದ ಕಾಯಿಗಳು ಎರಡೆರಡಾಗಿ ಜೋತುಬಿದ್ದಿದ್ದುವು.

ಏರಿದಂತೆಲ್ಲ ಕಾಡು ದಟ್ಟವಾಯಿತು. ಮಂಗಟ್ಟೆ ಹಕ್ಕಿಯೊಂದು ರೆಕ್ಕೆಗಳನ್ನು ಬೀಸುತ್ತ ತಲೆಯ ಮೇಲೆ ಹಾದುಹೋದ ಸದ್ದು ಬಹಳ ಹೊತ್ತು ಕಿವಿಯಲ್ಲಿತ್ತು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತ, ಕೋಲೂರುತ್ತ, ಮಧ್ಯಾಹ್ನದ ಹೊತ್ತಿಗೆ ಮೂಲಮೂಕಾಂಬಿಕೆಯ ಗುಡಿಯನ್ನು ಸೇರಿದೆವು. ಮುಂದಿರುವ ಎತ್ತರವಾದ ಕಬ್ಬಿಣದ ಕಂಬವು, ಈ ಸೀಮೆಯ ಮಳೆಯನ್ನೆಲ್ಲ ತಡೆದುಕೊಂಡು, ಹಿಂದೆ ಕಂಡಂತೆಯೇ ನಿಂತಿತ್ತು. ಬಾಳೆಯೆಲೆಯ ಬುತ್ತಿಯನ್ನು ಬಿಚ್ಚಿ, ಮೊಸರನ್ನವನ್ನು ಅಪ್ಪೆಮಿಡಿಯೊಡನೆ ಉಂಡೆವು.

ಊಟವಾದ ಮೇಲೆ ವಕೀಲರು ಶಿಖರದ ಕಡೆಗೆ ನೋಡಿ, "ನೀನು ಇಲ್ಲಿಯೇ ವಿಶ್ರಮಿಸಿಕೊ ಮಾರಾಯ. ನಾವು ಬೇಗ ಹೋಗಿಬರುತ್ತೇವೆ" ಎಂದರು. ಹೊಸನಗರದ ಮಿತ್ರರು ನಕ್ಕರು. "ಅಂದೂ ನೀನು ಇದೇ ಮಾತನ್ನು ಹೇಳಿದ್ದೆ" ಎಂದರು. ನಮ್ಮಿಬ್ಬರಿಗೂ ಮಾತು ಹೊರಡಲಿಲ್ಲ.

ಆಮೇಲೆ ಅವರು ಸಾವಕಾಶವಾಗಿ ಹೇಳಿದರು: "ಅಂದು ನಾನು ಸೂರ್ಯನನ್ನು ನೋಡಲು ಬಂದವನಲ್ಲ. ನಮ್ಮ ಊರು ಮುಳುಗಿದ ಮರುವರ್ಷ ನಾನು ಹುಟ್ಟಿದೆ. ಕೊಡಚಾದ್ರಿಯ ಮೇಲಿನಿಂದ ಆ ನೀರು ಕಾಣುತ್ತದೆಯೆಂದು ಅಮ್ಮ ಯಾರಿಂದಲೋ ಕೇಳಿದ್ದಳು. ನೋಡಿ ಬಂದು ಹೇಳು ಎಂದು ಕಳುಹಿಸಿದ್ದಳು. ಮನೆಗೆ ಹೋದಾಗ ಬಾಗಿಲಲ್ಲಿಯೇ ನಿಂತಿದ್ದಳು. ಕಂಡಿತು ಎಂದು ಸುಳ್ಳು ಹೇಳಿದೆ. ಹೇಗಿತ್ತೆಂದು ಕೇಳಿದಳು. ಬೆಳ್ಳಗೆ ಶಾಂತವಾಗಿತ್ತೆಂದೆ. ಸಾಯುವವರೆಗೂ ಆ ಮಾತನ್ನು ನೆಂಟರಿಗೆಲ್ಲ ಹೇಳುತ್ತಿದ್ದಳು."

ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದುದು 1964ರಲ್ಲಿ. ಸಾಗರ ಹೊಸನಗರ ಸೀಮೆಗಳ ಎಷ್ಟೋ ಹಳ್ಳಿಗಳು ಗದ್ದೆ ತೋಟ ಗುಡಿಗಳೊಡನೆ ಅದರ ಹಿನ್ನೀರಿನಲ್ಲಿ ಮುಳುಗಿದುವು. ಜನರು ದೂರದೂರದ ಊರುಗಳಿಗೆ ಚದರಿಹೋದರು. ಆ ನೀರಿನಿಂದ ನಾಡಿನ ಮನೆಮನೆಗಳಿಗೆ ದೀಪ ಬಂದುದೂ ನಿಜವೇ. ಜಲಾಶಯದ ಪೂರ್ಣಮಟ್ಟವು ಸಮುದ್ರಮಟ್ಟದಿಂದ 1819 ಅಡಿ. ಈ ಅಂಕೆಯನ್ನು ನಾವು ಎಷ್ಟೋ ವರ್ಷಗಳ ಕಾಲ ಕರಿಹಲಗೆಯ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೆವು. ಅದರ ಅಡಿಯಲ್ಲಿ ನಮ್ಮ ಮಿತ್ರರ ತಾಯಿಯ ಅಡಿಗೆಮನೆಯೊಂದಿತ್ತೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ವಕೀಲರು ಎದ್ದು ಅವರ ಕೈಚೀಲವನ್ನು ತಮ್ಮ ಹೆಗಲಿಗೆ ಹಾಕಿಕೊಂಡರು. ಅವರನ್ನು ಮುಂದೆ ಬಿಟ್ಟು ನಾವಿಬ್ಬರೂ ಹಿಂದೆ ನಡೆದೆವು. ಶಿಖರದ ದಾರಿ ಕಡಿದು. ಒಂದು ಕಡೆ ಹುಲ್ಲಿನ ಇಳಿಜಾರು, ಕೆಳಗೆ ಕಂದರ. ಅವರು ಕುಳಿತಾಗ ಕುಳಿತೆವು, ಎದ್ದಾಗ ಎದ್ದೆವು. ಯುವಕರು ಗುಂಪುಗುಂಪಾಗಿ ನಮ್ಮನ್ನು ದಾಟಿ ಹೋದರು. 1343 ಮೀಟರುಗಳೆಂದರೆ ಸುಮಾರು 4400 ಅಡಿಗಳ ಆ ಎತ್ತರದಲ್ಲಿ, ಶಂಕರಾಚಾರ್ಯರು ತಪಸ್ಸು ಮಾಡಿದರೆಂದು ಪ್ರತೀತಿಯಿರುವ ಸರ್ವಜ್ಞಪೀಠದ ಪುಟ್ಟ ಕಲ್ಲುಗುಡಿಯು ಕಂಡಾಗ ಬಿಸಿಲು ಇಳಿಮುಖವಾಗಿತ್ತು.

ಅಲ್ಲಿ ನೆರೆದವರೆಲ್ಲ ಪಶ್ಚಿಮಕ್ಕೆ, ಕಡಲಿನ ಕಡೆಗೆ ಮುಖಮಾಡಿ ನಿಂತಿದ್ದರು. ನಾವು ಮೂವರು ಮಾತ್ರ ಉತ್ತರಕ್ಕೆ ತಿರುಗಿ ನಿಂತೆವು. ಕಾಡುಬೆಟ್ಟಗಳ ಸಾಲಿನಾಚೆ, ಮಂಜು ಸರಿದ ಕಡೆ, ನೀರು ತುಂಡುತುಂಡಾಗಿ ಹೊಳೆಯಿತು. ನಡುನಡುವೆ ಕಪ್ಪು ಚುಕ್ಕೆಗಳಂತೆ ತೋರಿದುವು ಮುಳುಗದೆ ಉಳಿದ ಗುಡ್ಡದ ನೆತ್ತಿಗಳು. ತಮ್ಮ ಊರು ಯಾವ ಕಡೆಯೆಂದು ಹೇಳಲು ಅವರಿಗೂ ಆಗಲಿಲ್ಲ. ಬಹಳ ಹೊತ್ತಿನ ಮೇಲೆ, "ಬೆಳ್ಳಗೇ ಇದೆ" ಎಂದರು. ಮತ್ತೇನನ್ನೂ ಹೇಳಲಿಲ್ಲ. ಅವರ ಮುಖದಲ್ಲಿ ದುಃಖವಿರಲಿಲ್ಲ. ಸಾಲ ತೀರಿಸಿದವನ ನೆಮ್ಮದಿಯಿತ್ತು.

ಕತ್ತಲಾಗುವ ಮೊದಲು ಆ ಮಂಡಿಯನ್ನು ಕೆಳಗಿಳಿಸಬೇಕಾಗಿದ್ದುದರಿಂದ ಸೂರ್ಯಾಸ್ತಮಾನಕ್ಕೆ ಕಾಯದೆ ಹೊರಟೆವು. ಗುಡಿಯ ಬಳಿಯಿಂದ ಜೀಪನ್ನೇರಿದೆವು. ಅದರ ಕುಲುಕಾಟದಲ್ಲಿ ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಳಿತೆವು.

ಈ ಬೆಟ್ಟಕ್ಕೆ ಹೋಗಬಯಸುವ ವಾಚಕರು ಮಳೆಗಾಲವನ್ನು ಬಿಡುವುದು ಲೇಸು. ಆಗ ಜಿಗಣೆಗಳೂ ಜಾರುವ ದಾರಿಯೂ ಮುಚ್ಚಿದ ಮಂಜೂ ಮಾತ್ರ ಗಿಟ್ಟುವುವು. ಮಳೆ ನಿಂತ ಮೇಲಿನ ಚಳಿಗಾಲವೇ ಯೋಗ್ಯವಾದುದು. ಬುತ್ತಿ ನೀರುಗಳನ್ನು ಒಯ್ಯಿರಿ. ಒಯ್ದುದರ ಕಸವನ್ನು ಮರಳಿ ತನ್ನಿರಿ. ಜೊತೆಗೆ ಬಂದವರಲ್ಲಿ ಎಲ್ಲರಿಗಿಂತ ಹಿಂದೆ ಉಳಿದವರನ್ನು, ನೀವೇಕೆ ಬಂದಿರೆಂದು ಒಮ್ಮೆ ಕೇಳಿರಿ. ಆ ಪ್ರಶ್ನೆಯನ್ನು ಕೇಳಲು ನಮಗೆ ನಲವತ್ತು ವರ್ಷಗಳು ಹಿಡಿದುವು. ಅದೂ ಅವರೇ ಹೇಳಿದ ಮೇಲೆ.

ರಾತ್ರಿ ಮನೆಗೆ ಬಂದಾಗ, "ಸೂರ್ಯಾಸ್ತ ಚೆನ್ನಾಗಿತ್ತೇ?" ಎಂದು ಮನೆಯವರು ಕೇಳಿದರು. ನೋಡಲಿಲ್ಲವೆಂದು ಹೇಳಿ ಕಾಲು ತೊಳೆಯಲು ಹೋದೆವು.