ಕೆಮ್ಮುವ ಕಾರು

ನಮ್ಮ ಮಹಾಲಿಂಗಪುರದ ರಾತ್ರಿಯ ಸಪ್ಪಳಗಳೆಲ್ಲ ನನಗೆ ಗುರುತು. ಕಬ್ಬಿನ ಹಂಗಾಮು ಬಂತೆಂದರೆ ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು ಕಾರಖಾನೆಯ ದಾರಿ ಹಿಡಿಯುತ್ತವೆ. ಬೆಲ್ಲದ ಪೇಟೆಗೆ ಬರುವ ಲಾರಿಗಳ ಹಾರನ್ನು, ಓಣಿಯ ನಾಯಿಗಳ ಜಗಳ, ಇವೆಲ್ಲವುಗಳ ನಡುವೆಯೇ ನಾನು ಮೂವತ್ತು ವರ್ಷ ನಿದ್ದೆ ಮಾಡಿದ್ದೇನೆ. ಆದರೆ ಆ ವರ್ಷ ದೀಪಾವಳಿಗೆ ಎರಡು ದಿನ ಮುಂಚೆ, ನಡುರಾತ್ರಿಯಲ್ಲಿ ನಮ್ಮ ಬಾಗಿಲ ಮುಂದೆ ಕೇಳಿದ ಸಪ್ಪಳ ಮಾತ್ರ ಗುರುತಿಗೆ ಸಿಗಲಿಲ್ಲ. ಯಾರೋ ಹಂಡೆಯೊಳಗೆ ಪಟಾಕಿಯ ಸರ ಹಚ್ಚಿ ಬಿಟ್ಟಂತಿತ್ತು. ಎದುರು ಮನೆಯ ಆಯಿ ಬ್ಯಾಟರಿ ಹಿಡಿದು ಹೊರಗೆ ಬಂದು, "ಯಾರ ಮನೀ ಸಿಲಿಂಡರ ಹಾರಿತವಾ?" ಎಂದು ಕೂಗಿದರು.

ಸಿಲಿಂಡರು ಹಾರಿರಲಿಲ್ಲ. ನನ್ನ ಮಗ ಪುಣೆಯಿಂದ ಹಬ್ಬಕ್ಕೆ ಬಂದಿದ್ದ.

ಅವನು ಒಂದು ಹಳೆಯ ಟರ್ಬೊ ಪೆಟ್ರೋಲ್ ಕಾರು ಕೊಂಡಿದ್ದ. ಎರಡು ತಿಂಗಳ ಹಿಂದೆ, "ಅವ್ವಾ, ಕಾರಿನ ಸರ್ವೀಸಿಂಗ್ ಮಾಡಿಸಬೇಕು" ಎಂದು ಫೋನಿನಲ್ಲಿ ಹೇಳಿದಾಗ ನನ್ನ ಭಿಶಿಯ ದುಡ್ಡನ್ನು ಅವರಪ್ಪನಿಗೆ ಹೇಳದೆ ಕಳಿಸಿದ್ದೆ. ಆ ದುಡ್ಡೇ ಈಗ ಓಣಿಯವರನ್ನೆಲ್ಲ ಎಬ್ಬಿಸಿ ನಿಲ್ಲಿಸಿತ್ತು.

ಮರುದಿನ ಸುಸಲಾ ತಿನ್ನುತ್ತ ಅವನೇ ಬಾಯಿಬಿಟ್ಟ. ದೂರದ ಊರಿನ ಯಾವುದೋ ಗ್ಯಾರೇಜಿನಲ್ಲಿ ಲ್ಯಾಪ್‌ಟಾಪ್ ಹಚ್ಚಿ ಕಾರಿನ ಕಂಪ್ಯೂಟರಿಗೆ ಹೊಸ ಬುದ್ಧಿ ಕಲಿಸಿದ್ದರಂತೆ. ಅದಕ್ಕೆ 'ಆ್ಯಂಟಿ ಲ್ಯಾಗ್' ಎಂದು ಹೆಸರು. ಅವನು ತಿಳಿಸಿದ್ದನ್ನು ನಾನು ನನ್ನ ಒಲೆಯ ಭಾಷೆಗೆ ತಂದುಕೊಂಡು ಹೇಳುತ್ತೇನೆ, ನಿಮಗೂ ಹಗುರಾದೀತು.

ಒಲೆಯ ಮುಂದೆ ಕುಳಿತು ಕೊಳವೆಯಿಂದ ಊದಿದವರಿಗೆ ಗಾಳಿಯ ಬೆಲೆ ಗೊತ್ತು. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿ ಊದುವ ಯಂತ್ರ. ಎಂಜಿನ್ನು ಹೊರಗೆ ಬಿಡುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಕೂಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಹೆಚ್ಚು ತಿರುಗುತ್ತದಂತೆ. ಆದರೆ ಕಾಲು ತೆಗೆದರೆ ಹೊಗೆ ಕಡಿಮೆ, ಚಕ್ರ ನಿಧಾನ. ಮತ್ತೆ ತುಳಿದಾಗ ಅದು ವೇಗ ಹಿಡಿಯುವವರೆಗೆ ಒಂದೆರಡು ಕ್ಷಣ ಕಾಯಬೇಕು. ಈ ಕಾಯುವಿಕೆಯೇ ಲ್ಯಾಗ್. ಅದು ಬೇಡವೆನ್ನುವವರು ಮಾಡುವ ಉಪಾಯ ಕೇಳಿ. ಕಾಲು ತೆಗೆದ ಮೇಲೂ ಎಂಜಿನ್ನಿಗೆ ಗಾಳಿ, ಪೆಟ್ರೋಲು ಹೋಗುತ್ತಲೇ ಇರುವಂತೆ ಮಾಡುತ್ತಾರೆ. ಕಿಡಿಯನ್ನು ಮಾತ್ರ ಬಹಳ ತಡವಾಗಿ ಹೊತ್ತಿಸುತ್ತಾರೆ. ಆಗ ಎಂಜಿನ್ನಿನೊಳಗೆ ಉರಿದು ಮುಗಿಯಬೇಕಾದದ್ದು ಹೊರಗಿನ ಕೊಳವೆಯಲ್ಲಿ ಉರಿಯುತ್ತದೆ. ಆ ಉರಿಗೆ ಟರ್ಬೊ ತಿರುಗುತ್ತಲೇ ಇರುತ್ತದೆ. ಹಿಂದಿನಿಂದ ಢಂ ಢಂ ಎನ್ನುವುದು ಅದೇ.

"ಅಂದರ ಗಾಡಿ ಓಡಲಿಲ್ಲಂದ್ರೂ ಪೆಟ್ರೋಲ್ ಸುಡೂದು," ಎಂದೆ.

"ಹಂಗಲ್ಲವಾ, ತಯಾರಿರೂದು," ಎಂದ.

ಇದು ಹುಟ್ಟಿದ್ದು ರೇಸು, ರ್‍ಯಾಲಿಗಳ ಲೋಕದಲ್ಲಿ. ಜಾಗತಿಕ ರ್‍ಯಾಲಿಯಲ್ಲಿ ಟರ್ಬೊ ಕಾರುಗಳ ಶಕ್ತಿಗೆ ಮೂಗುದಾರ ಹಾಕಲು ಗಾಳಿ ಹೋಗುವ ಬಾಯನ್ನೇ ಕಿರಿದು ಮಾಡಿದರು. ೧೯೯೫ರಲ್ಲಿ ಅದು ೩೪ ಮಿಲಿಮೀಟರು. ಆ ವರ್ಷ ಟೊಯೊಟಾ ತಂಡ ಆ ಬಾಯಿಗೆ ಗುಟ್ಟಾಗಿ ಉಪಾಯ ಮಾಡಿ ಸ್ಪೇನಿನಲ್ಲಿ ಸಿಕ್ಕಿಬಿದ್ದು, ಒಂದು ವರ್ಷ ಹೊರಗುಳಿಯಬೇಕಾಯಿತು. ಗಾಳಿಗೆ ಅಷ್ಟು ಬರ ಇರುವಲ್ಲಿ, ತಿರುವು ತಿರುವಿಗೂ ಕಾಲು ತೆಗೆದು ತುಳಿಯುವಲ್ಲಿ ಕ್ಷಣಕ್ಕೂ ಬೆಲೆಯಿದೆ. ೨೦೧೬ರಲ್ಲಿ ಗೌರವ್ ಗಿಲ್ ಏಷ್ಯಾ ಪೆಸಿಫಿಕ್ ರ್‍ಯಾಲಿಯ ಚಾಂಪಿಯನ್ ಆದರಲ್ಲ, ಆ ವರ್ಷ ಅದರ ಒಂದು ಸುತ್ತು ನಮ್ಮ ಚಿಕ್ಕಮಗಳೂರಿನಲ್ಲೇ ನಡೆಯಿತು. ನನ್ನ ಮಗ ಗೆಳೆಯರೊಂದಿಗೆ ನೋಡಲು ಹೋಗಿದ್ದ. ಕಾಫಿ ತೋಟದ ಕೆಮ್ಮಣ್ಣಿನ ಹಾದಿಯಲ್ಲಿ ಕೇಳಿದ ಸಿಡಿತ ಅವನ ಕಿವಿಯಲ್ಲಿ ಉಳಿದುಬಿಟ್ಟಿತ್ತು. ಆದರೆ ಅಲ್ಲಿ ಟರ್ಬೊ ಸುಟ್ಟರೆ ಬದಲಿಸಲು ಪಡೆಯೇ ಇರುತ್ತದೆ. ಇಲ್ಲಿ ನನ್ನ ಭಿಶಿ ಮಾತ್ರ ಇತ್ತು.

ಹಬ್ಬದ ಮರುದಿನ ಮುಧೋಳಕ್ಕೆ ನನ್ನ ತಂಗಿಯ ಮನೆಗೆ ಹೊರಟೆವು. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು. ಅವನು ಒಂದನ್ನು ದಾಟುವುದು, ಬ್ರೇಕು ತುಳಿಯುವುದು, ಮತ್ತೆ ನುಗ್ಗುವುದು. ಪ್ರತಿ ಸಲ ಹಿಂದೆ ಢಂ. ಒಂದು ತಿರುವಿನಾಚೆ, ಹಿಂದೆ ದೀಪವಿಲ್ಲದ ಟ್ರೇಲರೊಂದು ರಸ್ತೆಯಲ್ಲೇ ನಿಂತಿತ್ತು. ಅವನು ಬ್ರೇಕು ತುಳಿದ. "ಅವ್ವಾ, ಪೆಡಲ್ ಕಲ್ಲಾಗೇತಿ!" ಎಂದ. ಎರಡೂ ಕಾಲು ಊರಿದ. ಕಾರು ನಿಂತಾಗ ಕಬ್ಬಿನ ಗರಿಗಳು ಮುಂದಿನ ಗಾಜಿಗೆ ತಾಗುತ್ತಿದ್ದವು. ಹಿಂದೆ ನೀಲಿ ಹೊಗೆ ಎದ್ದಿತ್ತು. ನನ್ನ ಬಾಯಲ್ಲಿ ಮಹಾಲಿಂಗೇಶ್ವರನ ಹೆಸರೂ ಬರಲಿಲ್ಲ.

ಕಾರನ್ನು ಅದೇ ಟ್ರ್ಯಾಕ್ಟರಿನವರು ಹಗ್ಗ ಕಟ್ಟಿ ಎಳೆಸಿ ಒಂದು ಗ್ಯಾರೇಜಿಗೆ ಮುಟ್ಟಿಸಿದರು. ಟ್ರ್ಯಾಕ್ಟರು ರಿಪೇರಿ ಮಾಡುವ ವಯಸ್ಸಾದ ಮೇಸ್ತ್ರಿ ಬಾನೆಟ್ಟು ತೆಗೆದು ನೋಡಿ, ಮಗನಿಗಲ್ಲ, ನನಗೇ ಹೇಳಿದರು.

"ಅಕ್ಕಾರ, ಪೈಪ್ ಸೀಳೇತ್ರಿ. ಟರ್ಬೊದ ಸೀಲ್ ಹೋಗಿ ಎಣ್ಣಿ ಸುಡಾಕತ್ತೇತಿ. ಸಾವಿರ ಡಿಗ್ರಿ ಹತ್ತರ ಕಾದ್ರ ಕಬ್ಬಿಣ ಎಷ್ಟಂತ ತಡೀತೈತ್ರಿ?"

ಬ್ರೇಕಿನ ಗುಟ್ಟನ್ನೂ ಅವರೇ ಬಿಡಿಸಿದರು. ಕಾಲು ತೆಗೆದಾಗ ಎಂಜಿನ್ನು ಗಾಳಿ ಸಿಗದೆ ಎಳೆದುಕೊಳ್ಳುತ್ತದೆ. ಆ ಎಳೆತವೇ ಬ್ರೇಕಿಗೆ ನೆರವು. ಈ ಉಪಾಯದಲ್ಲಿ ಗಾಳಿಯ ಬಾಗಿಲು ತೆರೆದೇ ಇರುವುದರಿಂದ ಎಳೆತ ಹುಟ್ಟುವುದಿಲ್ಲ. ಕೂಡಿಟ್ಟದ್ದು ಒಂದೆರಡು ಸಲಕ್ಕೆ ಸಾಕಾಗುತ್ತದೆ, ಆಮೇಲೆ ಪೆಡಲು ಕಲ್ಲು. ಎಂಜಿನ್ನು ತಾನಾಗಿ ಗಾಡಿಯನ್ನು ತಡೆಯುವುದೂ ಕಡಿಮೆಯಾಗುತ್ತದೆ.

"ನಮ್ಮ ಟ್ರ್ಯಾಕ್ಟರಿಗೂ ಟರ್ಬೊ ಇರತೈತ್ರಿ," ಎಂದರು. "ಆದ್ರ ಅದು ಹೊಲದಾಗ ಒಂದ ಹದಕ್ಕ ಓಡತೈತಿ. ಬಂದ್ ಮಾಡೂ ಮುಂದ ಒಂದ ನಿಮಿಷ ಸಾವಕಾಶ ತಿರುಗಾಕ ಬಿಡ್ತೀವಿ. ಒಮ್ಮೆಲೆ ಬಂದ್ ಮಾಡಿದ್ರ ಒಳಗಿನ ಎಣ್ಣಿ ಕರಕಾಗತೈತಿ. ಅದಕ್ಕೂ ತಣ್ಣಗಾಗಾಕ ಟೈಮ್ ಬೇಕಲ್ರಿ."

ಆ ಮಾತು ನನ್ನನ್ನು ಬಿಡಲಿಲ್ಲ. ನನ್ನ ತವರಿನ ಗಾಣದಲ್ಲಿ ಒಂದು ಕೊಪ್ಪರಿಗೆ ಇಳಿಸಿ ಇನ್ನೊಂದು ಏರಿಸುವ ನಡುವೆ ಉರಿ ಆರದಂತೆ ರವದಿ ಹಾಕುತ್ತಿದ್ದರು, ನಿಜ. ಆದರೆ ದಿನದ ಕೊನೆಗೆ ಒಲೆ ಆರುತ್ತಿತ್ತು. ಅತ್ತೆಯವರು ಕೆಂಡಕ್ಕೆ ಬೂದಿ ಮುಚ್ಚಿ ಮಲಗುತ್ತಿದ್ದರು. ನಾನು ಮಾತ್ರ ಆರಿದ್ದೇ ಇಲ್ಲ. ಯಜಮಾನರು ಅಂಗಡಿಯಿಂದ ಎಷ್ಟು ಹೊತ್ತಿಗೆ ಬಂದರೂ ರೊಟ್ಟಿ ಬಿಸಿ ಇರಬೇಕು, ಮಗ ಫೋನು ಮಾಡಿದ ಕೂಡಲೇ ಎತ್ತಬೇಕು, ಕೇಳಿದ ಕೂಡಲೇ ದುಡ್ಡು ಹೊಂದಿಸಬೇಕು. ಯಾರೂ ತುಳಿಯದಿದ್ದಾಗಲೂ ಒಳಗೆ ಸುಡುತ್ತ ತಯಾರಿರುವುದು. ಡಾಕ್ಟರರು ಬಿ.ಪಿ. ಗುಳಿಗೆ ಬರೆದುಕೊಟ್ಟಾಗಲೂ ಇದು ತಿಳಿದಿರಲಿಲ್ಲ. ಕಾರಿನ ಪೈಪು ಸೀಳಿದ ಮೇಲೆ ತಿಳಿಯಿತು. ಮಗನಿಗೆ ಕಾಯುವುದು ಬರಲಿಲ್ಲವೆಂದರೆ, ಅವನನ್ನು ಕಾಯಿಸದೆ ಬೆಳೆಸಿದವಳು ನಾನೇ.

ಆ ರಾತ್ರಿ ಭಿಶಿಯ ಸಂಗತಿಯನ್ನು ಯಜಮಾನರಿಗೆ ಹೇಳಿಬಿಟ್ಟೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಕಬ್ಬಿನ ಗರಿ ಗಾಜಿಗೆ ಬಡದಿದ್ದು ಖರೇನೇನು?" ಎಂದಷ್ಟೇ ಕೇಳಿದರು. ಹೌದೆಂದೆ. ಎದ್ದು ಹೋಗಿ ಮಲಗಿದ ಮಗನ ತಲೆ ಸವರಿ ಬಂದರು.

ಕಾರನ್ನು ಕಂಪನಿ ಕೊಟ್ಟ ಸ್ಥಿತಿಗೇ ತಂದೆವು. ಕಂಪನಿಯ ಕಟ್ಟಳೆ ಮೀರಿ ಗಾಡಿ ಬದಲಿಸುವುದಕ್ಕೆ ಮೋಟಾರು ವಾಹನ ಕಾಯಿದೆಯ ೫೨ನೇ ಕಲಮಿನಲ್ಲಿ ತಡೆಯಿದೆಯೆಂದೂ ಆಗಲೇ ಗೊತ್ತಾದದ್ದು. ಖರ್ಚನ್ನು ಮಗನೇ ತನ್ನ ಸಂಬಳದಲ್ಲಿ ಆರು ತಿಂಗಳು ಕಟ್ಟಿದ. ಈ ಸಲ ನಾನು ಹೊಂದಿಸಿಕೊಡಲಿಲ್ಲ. ಕೈ ಬಹಳ ತುರಿಸಿತು, ಆದರೂ ಕೊಡಲಿಲ್ಲ.

ಈಗ ಒಂಬತ್ತೂವರೆಗೆ ಒಲೆ ಬಂದ್ ಮಾಡುತ್ತೇನೆ. ತಡವಾಗಿ ಬಂದವರು ತಾವೇ ಬಿಸಿ ಮಾಡಿಕೊಳ್ಳುತ್ತಾರೆ. ಮೊದಮೊದಲು ಅಡಿಗೆಮನೆಯಲ್ಲಿ ಪಾತ್ರೆಗಳ ಢಂ ಢಂ ಕೇಳುತ್ತಿತ್ತು, ಈಗ ಅದೂ ಕಡಿಮೆಯಾಗಿದೆ. ಮೊನ್ನೆ ಮಗ ಬಂದಾಗ ಕಾರು ಸದ್ದಿಲ್ಲದೆ ಬಾಗಿಲಿಗೆ ಬಂದು ನಿಂತಿತು. ಕೂಡಲೇ ಇಳಿಯದೆ ಒಳಗೇ ಕುಳಿತಿದ್ದ. ಕಿಟಕಿಯಿಂದ, "ಯಾಕೋ ತಮ್ಮಾ?" ಎಂದೆ.

"ಒಂದ ನಿಮಿಷ ತಡೀವಾ," ಎಂದ, "ತಣ್ಣಗಾಗಲಿ."