ಹೊಳಿ ಇಳಿದ ಮೇಲೆ

11 ಆಗಸ್ಟ್ 2019, ಭಾನುವಾರ

ಹಳೆಯ ದಿನಚರಿ ಹೊಳೆಯ ಪಾಲಾಯಿತು. ಇದು ರೊಟ್ಟಿ ತಂದ ಟ್ರ್ಯಾಕ್ಟರಿನವರು ಮಕ್ಕಳಿಗೆಂದು ಹಂಚಿದ ನೂರು ಪುಟದ ನೋಟುಬುಕ್ಕು. ಅಂಗನವಾಡಿ ಅಕ್ಕೋರಾದ ನಾನೇ ಮಕ್ಕಳದ್ದನ್ನು ಕಸಿದುಕೊಂಡಂತಾಯಿತು, ಇರಲಿ.

ಆಸರೆ ಮನೆಗೆ ಬಂದು ಮೂರು ರಾತ್ರಿ ಕಳೆದವು. 2009ರಲ್ಲಿ ಹೊಳಿ ಬಂದುಹೋದ ಮೇಲೆ ಊರ ಮೇಲಿನ ಎರಿಯಲ್ಲಿ ಕಟ್ಟಿಸಿಕೊಟ್ಟ ಮನೆಗಳಿವು. "ಎತ್ತು ಕಟ್ಟಾಕ ಜಾಗ ಇಲ್ಲ, ಕಾಳು ಇಡಾಕ ಹಗೇವು ಇಲ್ಲ" ಎಂದು ಹತ್ತು ವರ್ಷ ನಮ್ಮೂರಿನವರು ಈ ಕಡೆ ಹಣಿಕಿ ನೋಡಲಿಲ್ಲ. ಬಾಗಿಲು, ಕಿಟಕಿ ಬೇರೆ ಮನೆ ಸೇರಿದವು. ಯಾರ ಮನೆ ಎಂದು ಎಲ್ಲರಿಗೂ ಗೊತ್ತು. ಆ ಮನೆಯೂ ಈಗ ನೀರಲ್ಲೇ ಇದೆ. ಗುರುವಾರ ರಾತ್ರಿ ಬ್ಯಾಟರಿ ಹಿಡಿದು, ಮಳೆಯಲ್ಲಿ ನೆನೆಯುತ್ತ, ಒಳಗೆಲ್ಲ ಬೆಳೆದಿದ್ದ ಜಾಲಿ ಕಡಿದು ಮಕ್ಕಳನ್ನು ಮಲಗಿಸಿದೆವು.

ಸೋಮವಾರವಷ್ಟೇ ಪಂಚಮಿ ಆಗಿತ್ತು. ತವರಿಗೆ ಬಂದ ಹೆಣ್ಣುಮಕ್ಕಳು ಇನ್ನೂ ಗಂಡನ ಮನೆಗೆ ಹೊರಟಿರಲಿಲ್ಲ. ಮೊದಲ ರಾತ್ರಿ ಊರು ಉಂಡದ್ದು ಅವರ ಡಬ್ಬಿಯ ಶೇಂಗಾ ಉಂಡಿ, ಎಳ್ಳುಂಡಿ. ಬೇವಿನ ಗಿಡದ ಜೋಕಾಲಿ ಹಗ್ಗ ಬಿಚ್ಚಿ ಎಮ್ಮೆಗಳನ್ನು ಎಳೆದು ತಂದರು.

ಹೊಳಿ ಹುಟ್ಟುವ ಕಣಕುಂಬಿ ಕಡೆ ಮಳೆ ನಿಲ್ಲಲಿಲ್ಲ, ನವಿಲುತೀರ್ಥ ಅಣೆಕಟ್ಟಿನಿಂದ ಲಕ್ಷ ಕ್ಯೂಸೆಕ್ ಬಿಟ್ಟರಂತೆ. 2015ರಲ್ಲಿ ಮಲಪ್ರಭೆಗೆ ಮಹದಾಯಿ ನೀರು ಬೇಕೆಂದು ನರಗುಂದದಲ್ಲಿ ಧರಣಿ ಕೂತವರಲ್ಲಿ ನಾನೂ ಒಬ್ಬಳು. ಹನಿ ಹನಿಗೆ ಗೋಗರೆದ ಮಲಪ್ರಭೆ ಈಗ ನಮ್ಮ ದೇವರ ಮಾಡದವರೆಗೂ ಬಂದು ನೋಡಿಕೊಂಡು ಹೋಗಿದ್ದಾಳೆ.

13 ಆಗಸ್ಟ್, ಮಂಗಳವಾರ

ನೀರು ಇಳಿದಿದೆ. ಊರಿಗೆ ಹೋದೆವು. ಕಣ್ಣಿಗೆ ಏನಾದರೂ ಕಾಣುವ ಮೊದಲೇ ಮೂಗಿಗೆ ಬಡಿದದ್ದು ವಾಸನೆ: ಕೊಳೆತ ಉಳ್ಳಾಗಡ್ಡಿ, ನೆನೆದ ಜೋಳ, ಸತ್ತ ಕುರಿ. ಓಣಿಯಲ್ಲಿ ಮೊಣಕಾಲುದ್ದ ರಾಡಿ. ಕಾಲು ಕಿತ್ತರೆ ಚಪ್ಪಲಿ ಒಳಗೇ ಉಳಿಯುತ್ತದೆ.

ಬಿಸಿಲು ಬಿದ್ದದ್ದಕ್ಕೆ ನಾನು ಖುಷಿಪಟ್ಟೆ. ಪಕ್ಕದ ಮನೆಯ ಅಜ್ಜ ಬೈದ: "ನೀರಾಗ ನಿಂತ ಗ್ವಾಡಿ ಬಿಸಲಿಗೇ ಬೀಳತೈತ್ರಿ ಅಕ್ಕೋರ. ಒಳಗ ಕಾಲ ಇಡಬ್ಯಾಡ್ರಿ." ಅರ್ಧ ತಾಸಿನಲ್ಲಿ ಎದುರಿನ ಮಾಳಿಗೆ ಮನೆ ಕೂತುಬಿಟ್ಟಿತು. ದೊಡ್ಡ ಸದ್ದೇನೂ ಇಲ್ಲ, ದಣಿದ ಎತ್ತು ಮೊಣಕಾಲೂರಿದ ಹಾಗೆ. ಆಮೇಲೆ ಮಧ್ಯಾಹ್ನವೆಲ್ಲ ಒಂದೊಂದೇ ಓಣಿಯಿಂದ 'ಧಪ್' ಎನ್ನುವುದು. ಪ್ರತಿ ಸಲವೂ ಎಲ್ಲರೂ ಕೆಲಸ ಬಿಟ್ಟು ಯಾರದು ಎಂದು ಲೆಕ್ಕ ಹಾಕುತ್ತಿದ್ದರು.

ಪಟ್ಟದಕಲ್ಲಿನ ಗುಡಿಗಳಿಗೂ ನೀರು ಹೊಕ್ಕಿತ್ತಂತೆ, ಟಿವಿಯವರು ಅಲ್ಲಿದ್ದಾರೆ. ಅದು ಕಲ್ಲು, ತೊಳೆದರೆ ಆಯಿತು.

15 ಆಗಸ್ಟ್, ಗುರುವಾರ

ಆಸರೆ ಮನೆಗಳ ನಡುವೆ ಬಿದಿರು ನೆಟ್ಟು ಧ್ವಜ ಹಾರಿಸಿದೆವು. ಆಮೇಲೆ ಅಲ್ಲೇ ಜಗಳ. ಯಾರ ಓಣಿ ಮೊದಲು ಬಳಿಯಬೇಕು? ಗೌಡರ ಓಣಿ ಮೊದಲು ಬಳಿದರೆ ರಾಡಿ ಇಳಿಜಾರಿಗೆ ಜಾರಿ ಕೆಳಗಿನ ಕೇರಿಗೆ ಹೋಗುತ್ತದೆ. ಕೇರಿಯ ಹುಡುಗನೊಬ್ಬ ಎದ್ದು, "ಕೆಳಗಿಂದ ಸುರು ಮಾಡ್ರಿ, ಇಲ್ಲಾಂದ್ರ ನಾವು ಎರಡು ಸಲ ಬಳಿಬೇಕಾಕ್ಕತಿ" ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ಒಪ್ಪಲು ಊರಿಗೆ ಒಂದು ತಾಸು ಬೇಕಾಯಿತು.

ಕೊನೆಗೆ ಕೆಳಗಿನಿಂದಲೇ ಶುರುವಾಯಿತು. ಟ್ರ್ಯಾಕ್ಟರಿಗೆ ಕುಂಟಿ ಕಟ್ಟಿ ರಾಡಿ ಎಳೆದರು, ಸಂದಿಗೊಂದಿಗೆ ಸಲಿಕೆ, ಬುಟ್ಟಿ. ಮಸೀದಿ ಓಣಿಯ ಹುಡುಗರು ಬಕ್ರೀದ್‌ಗೆ ಹೊಲಿಸಿದ ಹೊಸ ಅಂಗಿಯಲ್ಲೇ ಇಳಿದಿದ್ದರು. ಹಳೆಯವು ತೇಲಿಹೋಗಿದ್ದವು, ಬೇರೆ ಇದ್ದರೆ ತಾನೇ? ಗಟಾರದ ಹತ್ತಿರ ಬಂದಾಗ ಮಾತ್ರ ಕೆಲವರು ಬುಟ್ಟಿ ಇಟ್ಟು ನೀರು ಕುಡಿಯಲು ಹೋದವರು ತಿರುಗಿ ಬರಲಿಲ್ಲ. ಆಸರೆ ಕಾಲೊನಿಯಲ್ಲಿ ಒಂದೇ ಸಾಲಿನಲ್ಲಿ ಕೂತು ಚಿತ್ರಾನ್ನ ಉಂಡವರೇ ಅವರು. ಇದನ್ನು ಬರೆದಿಡುತ್ತೇನೆ, ಏಕೆಂದರೆ ಪೇಪರಿನವರು "ಇಡೀ ಊರು ಒಂದಾಯಿತು" ಎಂದು ಬರೆದುಕೊಂಡು ಹೋಗಿದ್ದಾರೆ. ಮುಕ್ಕಾಲು ಊರು ಒಂದಾಗಿತ್ತು. ಅದೂ ಸಣ್ಣ ಮಾತೇನಲ್ಲ.

18 ಆಗಸ್ಟ್, ಭಾನುವಾರ

ಇವತ್ತು ಕಾಳು ಇಡುವ ನೆಲದೊಳಗಿನ ಹಗೇವು ತೆಗೆದರು. ಊರಲ್ಲಿ ಉಳಿದಿದ್ದೇ ಕೆಲವು. ಬಾಯಿಯ ಚಪ್ಪಡಿ ಸರಿಸಿದರೆ ಹುಳಿ ವಾಸನೆಯ ಬಿಸಿ ಹಬೆ ಎದ್ದಿತು. ಹುರುಪಿನ ಹುಡುಗರು ಇಳಿಯಲು ಹೊರಟಿದ್ದರು. ಅಜ್ಜ ಅವರ ರಟ್ಟೆ ಹಿಡಿದು ನಿಲ್ಲಿಸಿ, ಕಂದೀಲು ಹಚ್ಚಿ ಹಗ್ಗದಲ್ಲಿ ಇಳಿಬಿಟ್ಟ. ಎರಡು ಮಾರು ಇಳಿಯುವಷ್ಟರಲ್ಲಿ ದೀಪ ಆರಿತು. ಮತ್ತೆ ಹಚ್ಚಿದ, ಮತ್ತೆ ಆರಿತು. "ಒಳಗ ಉಸುರಿಲ್ಲ" ಎಂದ. ದಿನವಿಡೀ ಬಾಯಿ ತೆರೆದಿಟ್ಟು ಸಂಜೆ ಮತ್ತೆ ದೀಪ ಬಿಟ್ಟಾಗ ಉರಿಯಿತು. ಸೊಂಟಕ್ಕೆ ಹಗ್ಗ ಕಟ್ಟಿ ಒಬ್ಬನನ್ನು ಇಳಿಸಿದರು. ಮೇಲಿನ ಜೋಳ ಕಪ್ಪು ಗಟ್ಟಿ, ಅದರ ಕೆಳಗೆ ಮೊಳಕೆ ಬಿಳಿ ಕೂದಲಿನ ಹಾಗೆ ಹೆಣೆದುಕೊಂಡಿತ್ತು. ದನ ಕೂಡ ಮೂಸಲಿಲ್ಲ.

ಆ ಜೋಳದ ಒಡತಿ ಅಳಲಿಲ್ಲ. ಸಂಜೆ ಟ್ರ್ಯಾಕ್ಟರಿನಲ್ಲಿ ಬಂದ ಕಟಕ್ ರೊಟ್ಟಿಯ ಪುಡಿಕೆ ಕೈಗಿಟ್ಟಾಗ ಅತ್ತಳು. ಇಷ್ಟು ದಿನ ಬೇರೆಯವರಿಗೆ ಕಾಳು ಹಾಕಿದ ಕೈ ಅದು.

24 ಆಗಸ್ಟ್, ಶನಿವಾರ

ಸರ್ವೇಗೆ ಬಂದಿದ್ದರು. ಪೂರ್ತಿ ಬಿದ್ದ ಮನೆಗೆ 5 ಲಕ್ಷ, ತುರ್ತು ಖರ್ಚಿಗೆ 10,000. ನಮ್ಮ ಮನೆಯ ಹಿಂದಿನ ಗೋಡೆ ಬಿದ್ದಿದೆ, ಮುಂದಿನದು ನಿಂತಿದೆ. ಬಂದವರು ಮುಂದಿನಿಂದ ಫೋಟೋ ಹೊಡೆದುಕೊಂಡರು. ಹಿತ್ತಲಿಗೆ ಬನ್ನಿ ಎಂದರೆ ರಾಡಿ ನೋಡಿ ಬೂಟು ನೋಡಿಕೊಂಡರು. ಕಡೆಗೆ ಅಜ್ಜ ಹಲಗೆ ಹಾಸಿಕೊಟ್ಟ ಮೇಲೆ ಬಂದು ನೋಡಿದರು.

ನಮ್ಮ ತಪ್ಪನ್ನೂ ಬರೆಯಬೇಕು. ಹೊಳೆಯ ಪಾತ್ರದಲ್ಲಿ ಕಬ್ಬು ಹಚ್ಚಿದವರು ನಮ್ಮವರೇ, ಜಾಲಿ ಬೆಳೆಯಲು ಬಿಟ್ಟವರೂ ನಾವೇ. ನಾನು ಸಣ್ಣವಳಿದ್ದಾಗ ಆಚೆ ದಂಡೆಯವರನ್ನು ಕೂಗಿ ಕರೆಯಬೇಕಿತ್ತು, ಈಗ ಮಾತಾಡಿಸಬಹುದು. ಅಷ್ಟು ಕಿರಿದಾಗಿದೆ ಹೊಳಿ. ಪಂಚಾಯ್ತಿ ಕಟ್ಟೆಯ ಮೇಲೆ ಇದನ್ನು ಹೇಳಿದೆ. ಯಾರೂ ಬೈಯಲಿಲ್ಲ, ಯಾರೂ ಹೌದು ಎನ್ನಲೂ ಇಲ್ಲ.

2 ಸೆಪ್ಟೆಂಬರ್, ಸೋಮವಾರ

ಗಣೇಶ ಚೌತಿ. ಈ ಸಲ ಗಣಪತಿ ಅಂಗೈಯಷ್ಟು. ಹೊಳೆ ತಂದು ಹಾಕಿದ ಮಣ್ಣಿನಲ್ಲೇ ಕುಂಬಾರಣ್ಣ ಮಾಡಿಕೊಟ್ಟ. ಮೂರು ಓಣಿಗೂ ಸೇರಿ ಒಂದೇ.

ಅಂಗನವಾಡಿಯ ರಿಜಿಸ್ಟರುಗಳನ್ನು ಹದಿನೈದು ದಿನದಿಂದ ಹಗ್ಗಕ್ಕೆ ತೂಗಿಬಿಟ್ಟು ಒಣಗಿಸಿದ್ದೆ. ಶಾಯಿ ಹರಡಿ ತೂಕದ ಅಂಕಿಗಳು ಅಳಿಸಿವೆ, ಹೆಸರುಗಳು ಓದಲು ಬರುತ್ತವೆ. ನಾಳೆ ಎಲ್ಲ ಮಕ್ಕಳನ್ನೂ ಮತ್ತೆ ತೂಗಬೇಕು. ತಕ್ಕಡಿ ಬಿಡಿ, ಅದರ ಕೊಂಡಿಯೂ ಸಿಕ್ಕಿಲ್ಲ. ಕಿರಾಣಿ ಅಂಗಡಿಯವರು ತಮ್ಮದು ಕೊಡುತ್ತೇನೆಂದಿದ್ದಾರೆ.

ಆಸರೆ ಮನೆಗಳಲ್ಲಿ ಹನ್ನೊಂದು ಕುಟುಂಬ ಉಳಿದಿವೆ. ಉಳಿದವರೆಲ್ಲ ಕೆಳಗೆ ಬಂದಿದ್ದೇವೆ, ನಾನೂ.