ರಥ ಎಲ್ಲಿ ಹೋಯ್ತು ಚಿಕ್ಕಮ್ಮ?

ಪ್ರವಾಸ ಮುಗಿಸಿ ಬಂದವರು ಈಗ ಬರೀ ಫೋಟೋ ಕಳಿಸುವುದಿಲ್ಲ, ಪುಟ ಕಟ್ಟಿ ಕಳಿಸುತ್ತಾರೆ. ಕ್ಯಾನ್ವಾದಲ್ಲೋ ಫೋಟೋಶಾಪ್‌ನಲ್ಲೋ ಬಣ್ಣದ ಕಾಗದದಂಥ ಹಿನ್ನೆಲೆ ಹಾಸಿ, ನಾಲ್ಕಾರು ಚಿತ್ರಗಳನ್ನು ಸ್ವಲ್ಪ ಓರೆಯಾಗಿ ಜೋಡಿಸಿ, ಮೂಲೆಯಲ್ಲೊಂದು ಬಸ್ ಟಿಕೆಟ್ ಅಂಟಿಸಿ, ಪಕ್ಕದಲ್ಲಿ ಎರಡು ಸಾಲು ಬರೆದು, ‘ಹೇಗಿದೆ ಹೇಳು’ ಎನ್ನುತ್ತಾರೆ. ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಎಂದು ಇದರ ಹೆಸರು. ಹೆಬ್ಬೆರಳಿನ ಗುರುತೊಂದನ್ನು ಒತ್ತಿ ಮುಂದೆ ಹೋಗುವವರೇ ಹೆಚ್ಚು. ನನಗದು ಸರಿ ಕಾಣುವುದಿಲ್ಲ. ಮನೆಗೆಲಸವೆಲ್ಲ ಮುಗಿದ ಮೇಲೆ ಕೂತು ಮಾಡಿದ ಪುಟ ಅದು. ಕಳಿಸಿದವರಿಗೆ ತಮ್ಮ ಜೊತೆ ಆ ಊರನ್ನು ಇನ್ನೊಂದು ಸುತ್ತು ಹಾಕುವವರು ಬೇಕಾಗಿರುತ್ತಾರೆ.

ನಮ್ಮ ಚಿಕ್ಕಮ್ಮ ಹಂಪಿಗೆ ಹೋಗಿಬಂದು ಇಂಥ ಪುಟಗಳನ್ನು ಕಳಿಸಿದ್ದರು. ಒಂದರ ತಲೆಬರಹ ‘ಕಲ್ಲಿನ ರಥದ ಮುಂದೆ’. 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಇದೆಯಲ್ಲ, ವಿಜಯ ವಿಠ್ಠಲ ಗುಡಿಯ ಅಂಗಳದ ಅದೇ ರಥ. ಪುಟದಲ್ಲಿ ಮಾತ್ರ ರಥವೇ ಇಲ್ಲ. ಹಿನ್ನೆಲೆ ಅಳಿಸುವ ಸೌಲಭ್ಯ ಬಳಸಿ ಮನೆಯವರನ್ನಷ್ಟೇ ಕತ್ತರಿಸಿ, ತಿಳಿನೇರಳೆ ಹೂವಿನ ಕಾಗದದ ಮೇಲೆ ನಿಲ್ಲಿಸಿದ್ದರು. ಎಲ್ಲರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಾರೆ, ಆದರೆ ಬಿಸಿಲು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ.

“ರಥ ಎಲ್ಲಿ ಹೋಯ್ತು ಚಿಕ್ಕಮ್ಮ?”

“ಹಿಂದೆ ತುಂಬಾ ಜನ ಇದ್ರು ಕಣೇ, ಗಲೀಜಾಗಿ ಕಾಣ್ತಿತ್ತು. ಅದಕ್ಕೇ ತೆಗೆದುಬಿಟ್ಟೆ.”

ಹಿನ್ನೆಲೆ ಅಳಿಸಬಾರದೆಂಬ ಈ ಒಂದು ವಿಷಯದಲ್ಲಿ ನಾನು ಪಟ್ಟು ಬಿಡುವುದಿಲ್ಲ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ 1856ರಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಚಿತ್ರ ತೆಗೆದ. ಅವನ ಚಿತ್ರದಲ್ಲಿ ಇದೇ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ. ಇವತ್ತು ಹೋದವರಿಗೆ ಅದು ಕಾಣುವುದಿಲ್ಲ, ಮೇಲ್ಭಾಗ ಬೋಳಾಗಿದೆ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಆ ಚಿತ್ರಗಳನ್ನು ಹಿಡಿದು, ಗ್ರೀನ್‌ಲಾ ನಿಂತಿದ್ದ ಜಾಗಗಳಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಡುವಿನ ನೂರಿಪ್ಪತ್ತೇಳು ವರ್ಷಗಳಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬುದು ಕಣ್ಣಿಗೇ ಕಾಣುತ್ತದೆ. ಗ್ರೀನ್‌ಲಾ ತನಗೆ ಬೇಡವಾದದ್ದನ್ನೆಲ್ಲ ಕತ್ತರಿಸಿ ಹಾಕಿದ್ದರೆ ನಮಗೆ ಆ ಶಿಖರ ಸಿಗುತ್ತಿರಲಿಲ್ಲ. ಚಿಕ್ಕಮ್ಮನ ಫೋಟೋದ ಹಿಂದಿರುವ ಶಾಲಾಮಕ್ಕಳ ಗುಂಪು, ಸೆಲ್ಫಿ ಕೋಲು, ಕಾವಲಿನವರ ಶಿಳ್ಳೆ, ಇವೆಲ್ಲ ಮೊಮ್ಮಕ್ಕಳ ಕಾಲಕ್ಕೆ ನೋಡಸಿಗುವ ಸಂಗತಿಗಳಲ್ಲ. ಹೂವಿನ ಕಾಗದವನ್ನು ಯಾವಾಗ ಬೇಕಾದರೂ ತರಬಹುದು.

ಇನ್ನೊಂದು ಪುಟ ವಿರೂಪಾಕ್ಷ ಗುಡಿಯದು. ಅಲ್ಲಿ ಹಿಂಬದಿಯ ಮಂಟಪದ ಗೋಡೆಯಲ್ಲಿ ಸಣ್ಣ ಕಿಂಡಿಯಿದೆ. ಅದರಿಂದ ಒಳಬರುವ ಬೆಳಕು ಪೂರ್ವದ ದೊಡ್ಡ ಗೋಪುರದ ಬಿಂಬವನ್ನು ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಜನ ಸಾಲುಗಟ್ಟಿ ಬಂದು ನೋಡುವುದೇ ಅದನ್ನು. ಚಿಕ್ಕಮ್ಮನಿಗೆ ಪುಟ ಜೋಡಿಸಲು ನೆರವಾದ ಹುಡುಗ ಹಂಪಿ ನೋಡಿದವನಲ್ಲ. ಫೋಟೋ ಉಲ್ಟಾ ಇದೆ ಎಂದುಕೊಂಡು ಗೋಪುರವನ್ನು ನೆಟ್ಟಗೆ ತಿರುಗಿಸಿಟ್ಟಿದ್ದ! ಬಣ್ಣ ಚೆನ್ನಾಗಿತ್ತು, ಅಂಚು ಚೆನ್ನಾಗಿತ್ತು. ಆದರೆ ಆ ಗೋಡೆಯ ಮುಂದೆ ನಿಂತು ಬೆರಗಾದ ಕ್ಷಣವೇ ಅಳಿಸಿಹೋಗಿತ್ತು. ಪುಟ ನೋಡುವವರಿಗೆ ಜಾಗದ ಪರಿಚಯವಿದ್ದರೆ ಇಂಥದ್ದು ಕೂಡಲೇ ಸಿಗುತ್ತದೆ. ಇಲ್ಲದಿದ್ದರೆ “ಇದೇನು, ಎಲ್ಲಿ ತೆಗೆದದ್ದು?” ಎಂದು ಕೇಳಬೇಕು. ಕೇಳಿದರೆ ಸಾಕು, ಮಾಡಿದವರೇ ಕಂಡುಕೊಳ್ಳುತ್ತಾರೆ.

ಹಾಗೆ ಕೇಳಿದಾಗ ಪುಟದಲ್ಲಿ ಇಲ್ಲದ ಸಂಗತಿಯೂ ಹೊರಬರುತ್ತದೆ. ವಿಠ್ಠಲ ಗುಡಿಗೆ ವಾಹನಗಳನ್ನು ಹತ್ತಿರ ಬಿಡುವುದಿಲ್ಲ, ದೂರದಲ್ಲೇ ಇಳಿದು ಬ್ಯಾಟರಿ ಗಾಡಿ ಹತ್ತಬೇಕು. ಚಿಕ್ಕಮ್ಮನ ಮಂಡಿನೋವು ನೋಡಿ, ಗಾಡಿ ಓಡಿಸುವ ಹುಡುಗಿ ಮುಂದಿನ ಸೀಟು ಬಿಡಿಸಿ ಕೊಟ್ಟಳಂತೆ. ದಾರಿಯುದ್ದಕ್ಕೂ ತನ್ನ ತಮ್ಮನ ಓದಿನ ಬಗ್ಗೆ ಹೇಳಿದಳಂತೆ. ಇದನ್ನು ಹೇಳುವಾಗ ಚಿಕ್ಕಮ್ಮನ ದನಿಯೇ ಬೇರೆ. ಪುಟದಲ್ಲಿ ಮಾತ್ರ ‘ಸವಿನೆನಪುಗಳು’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಅದನ್ನು ತೆಗೆದು ಆ ಹುಡುಗಿಯ ವಿಷಯ ಬರೆಯಲು ಹೇಳಿದೆ, ಈಗ ನನಗೆ ಹೇಳಿದ ಮಾತಿನಲ್ಲೇ. ಜೊತೆಗೆ ತಾರೀಖು, ಯಾರು ಯಾರು ಎಂಬ ಹೆಸರು. ಹಳೆಯ ಸ್ಟುಡಿಯೋ ಫೋಟೋಗಳ ಹಿಂದೆ ನಮ್ಮ ಹಿರಿಯರು ಶಾಯಿಯಲ್ಲಿ ಬರೆದಿಡುತ್ತಿದ್ದರು. ಫೋನಿನ ಚಿತ್ರಕ್ಕೆ ಹಾಗೆ ಬರೆಯಲು ಹಿಂಬದಿಯೇ ಇಲ್ಲ.

ಕುಸುರಿ ಕೆಲಸದ ಬಗ್ಗೆಯೂ ಹೇಳುವುದಿರುತ್ತದೆ, ಸ್ವಲ್ಪವೇ. ಒಂದು ಫೋಟೋದ ನೆರಳು ಎಡಕ್ಕೆ, ಇನ್ನೊಂದರದು ಬಲಕ್ಕೆ ಬಿದ್ದರೆ ಕಣ್ಣಿಗೆ ಕಿರಿಕಿರಿ. ಫೋಟೋಶಾಪ್‌ನಲ್ಲಿ ಅಕ್ಷರದ ಸೆಟ್ಟಿಂಗ್ ಸರಿಮಾಡದಿದ್ದರೆ ಒತ್ತಕ್ಷರ ಒಡೆದು ‘ವಿಠ್ಠಲ’ ಹೋಗಿ ‘ವಿಠ್‌ಠಲ’ ಆಗುತ್ತಾನೆ, ಇದನ್ನಂತೂ ಬಿಡಬಾರದು. ಅಚ್ಚು ಹಾಕಿಸುವ ಆಸೆಯಿದ್ದರೆ 12 ಇಂಚಿನ ಪುಟಕ್ಕೆ, ಇಂಚಿಗೆ 300ರ ಲೆಕ್ಕದಲ್ಲಿ, 3600 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಕುಗ್ಗಿ ಬಂದ ಚಿತ್ರವನ್ನು ಹಿಗ್ಗಿಸಿದರೆ ಮುಖಗಳು ಮಸುಕಾಗುತ್ತವೆ, ಮೂಲ ಫೋಟೋವನ್ನೇ ತರಿಸಿಕೊಳ್ಳಬೇಕು. ನೇರಳೆ ಬಣ್ಣ, ಚಿಟ್ಟೆ, ಮಿನುಗುವ ನಕ್ಷತ್ರ ಚಿಕ್ಕಮ್ಮನ ಇಷ್ಟ. ಅದಕ್ಕೆ ನಾನು ಕೈ ಹಾಕುವುದಿಲ್ಲ.

ಇದೆಲ್ಲವನ್ನೂ ಮನೆಮಂದಿಯ ಗ್ರೂಪಿನಲ್ಲಿ ಬರೆಯದೆ ಫೋನ್ ಮಾಡಿ ಹೇಳುತ್ತೇನೆ. ಅದೂ ಒಂದು ಸಲಕ್ಕೆ ಒಂದೋ ಎರಡೋ. ನಾಲ್ಕು ಜನರೆದುರು ತಪ್ಪು ತೋರಿಸಿದರೆ ಹಿರಿಯರು ನಕ್ಕು ಸುಮ್ಮನಾಗುತ್ತಾರೆ, ಆಮೇಲೆ ಪುಟವೇ ಬರುವುದಿಲ್ಲ.

ರಥ ಈಗ ಪುಟಕ್ಕೆ ವಾಪಸು ಬಂದಿದೆ, ಶಾಲಾಮಕ್ಕಳ ಸಮೇತ. ಗೋಪುರ ಮತ್ತೆ ತಲೆಕೆಳಗಾಗಿದೆ. ಈ ವಾರ ಬಂದದ್ದು ಆನೆಗೊಂದಿಯ ಪುಟ. ನೋಡುತ್ತಾ ಹೋದಂತೆ, ಎಲ್ಲ ಚಿತ್ರ ತೆಗೆದ ಚಿಕ್ಕಪ್ಪ ಒಂದು ಪುಟದಲ್ಲೂ ಇಲ್ಲವೆಂಬುದು ಗಮನಕ್ಕೆ ಬಂತು. ಫೋನ್ ಮಾಡಿ ಕೇಳಿದೆ. ಹರಿಗೋಲು ಹತ್ತುವಾಗ ಪಕ್ಕದವರ್ಯಾರೋ ತೆಗೆದುಕೊಟ್ಟ ಒಂದು ಫೋಟೋ ಇದೆಯಂತೆ, ಸ್ವಲ್ಪ ಅಲುಗಾಡಿದೆಯಂತೆ. ಅಲುಗಾಡಿದ್ದರೂ ಪರವಾಗಿಲ್ಲ, ಅದನ್ನೇ ದೊಡ್ಡದಾಗಿ ಹಾಕಿ ಎಂದಿದ್ದೇನೆ.